ನಿಮಗಿದು ಗೊತ್ತೇ? ಡಿಸ್ಕ್ ಇದೆ, ಇನ್‌ಸ್ಟಾಲರ್ ಕಣ್ಣಿಗೆ ಮಾತ್ರ ಬೀಳುತ್ತಿಲ್ಲ!

ಎರಡು ಡಿಸ್ಕ್‌ಗಳನ್ನು ಬೆಸೆದು ಒಂದೇ ಡಿಸ್ಕಿನಂತೆ ಓಡಿಸುವ ‘ರೇಡ್ 0’ಕ್ಕೆ ಹಲವು ಡಿಸ್ಕ್‌ಗಳನ್ನು ಒಟ್ಟಾಗಿ ದುಡಿಸುವ ‘ರೇಡ್’ ತಂತ್ರದ ಮೂಲ ಪ್ರಬಂಧದಲ್ಲಿ ಜಾಗವೇ ಇರಲಿಲ್ಲ! 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಮಂಡಿಸಿದ್ದು 1ರಿಂದ 5ರವರೆಗಿನ ಹಂತಗಳನ್ನಷ್ಟೇ. ಸೊನ್ನೆ ಆಮೇಲೆ ಬಂದು ಸೇರಿಕೊಂಡಿತು.

ಅದು ಮಾಡುವುದಿಷ್ಟೇ: ಮಾಹಿತಿಯನ್ನು 64 ಅಥವಾ 128 ಕಿಲೋಬೈಟ್‌ಗಳಂಥ ತುಂಡುಗಳಾಗಿ ಕತ್ತರಿಸಿ, ಒಂದನ್ನು ಈ ಡಿಸ್ಕಿಗೆ, ಮುಂದಿನದನ್ನು ಆ ಡಿಸ್ಕಿಗೆ ಬರೆಯುತ್ತದೆ. ಪುಸ್ತಕದ ಬೆಸ ಪುಟಗಳು ಒಬ್ಬರ ಮನೆಯಲ್ಲಿ, ಸಮ ಪುಟಗಳು ಇನ್ನೊಬ್ಬರ ಮನೆಯಲ್ಲಿ ಇದ್ದಂತೆ. ಒಂದು ಕೆಟ್ಟರೆ ಎರಡೂ ಹೋದವು. ವರ್ಷದಲ್ಲಿ ಒಂದು ಡಿಸ್ಕ್ ಕೆಡುವ ಸಾಧ್ಯತೆ ನೂರಕ್ಕೆ 5 ಎಂದಿಟ್ಟುಕೊಳ್ಳಿ, ಜೋಡಿ ಕೈಕೊಡುವ ಸಾಧ್ಯತೆ 9.75!

ಇಂಥ ಜೋಡಿಯನ್ನು ಗುರುತಿಸಲು ಇನ್‌ಸ್ಟಾಲರ್‌ಗೆ ರೇಡ್ ಡ್ರೈವರ್ ಬೇಕು. ವಿಂಡೋಸ್ ಎಕ್ಸ್‌ಪಿ ಕಾಲದವರಿಗೆ ‘ಎಫ್6’ ಕೀ ನೆನಪಿರಬೇಕು. ಸೆಟಪ್ ಶುರುವಾದಾಗ ನೀಲಿ ಪರದೆಯ ತಳದಲ್ಲಿ ಕೆಲವೇ ಕ್ಷಣ ಒಂದು ಸೂಚನೆ ಮಿಂಚುತ್ತಿತ್ತು. ಆಗ ಎಫ್6 ಒತ್ತದಿದ್ದರೆ ರೇಡ್ ಡ್ರೈವರ್ ಕೊಡುವ ಅವಕಾಶ ತಪ್ಪಿತು, ‘ಹಾರ್ಡ್ ಡಿಸ್ಕ್ ಇಲ್ಲ’ ಎಂಬ ಉತ್ತರ ಸಿಕ್ಕಿತು. ಒತ್ತಿದರೂ ಡ್ರೈವರ್ ಫ್ಲಾಪಿಯಲ್ಲೇ ಇರಬೇಕಿತ್ತು. ಫ್ಲಾಪಿ ಡ್ರೈವ್ ಇಲ್ಲದ ಹೊಸ ಕಂಪ್ಯೂಟರ್ ಕೊಂಡವರ ಪಾಡು ಕೇಳುವಂತಿರಲಿಲ್ಲ. ‘ಎನ್‌ಲೈಟ್’ ಎಂಬ ತಂತ್ರಾಂಶ ಬಳಸಿ ಡ್ರೈವರನ್ನು ಸಿಡಿಯೊಳಗೇ ತುಂಬಿದವರು ಎಷ್ಟೋ ಮಂದಿ. 2007ರ ವಿಸ್ಟಾದಲ್ಲಿ ‘ಲೋಡ್ ಡ್ರೈವರ್’ ಗುಂಡಿ ಬಂದು ಸಿಡಿ, ಪೆನ್‌ಡ್ರೈವ್‌ಗಳೂ ಸಾಕೆನಿಸಿದವು. ತಮಾಷೆಯೆಂದರೆ, ಫ್ಲಾಪಿ ಮಾಯವಾಗಿ ವರ್ಷಗಳಾದ ಮೇಲೂ ಇಂಟೆಲ್ ತನ್ನ ಡ್ರೈವರ್ ಕಡತಗಳನ್ನು ‘ಎಫ್6ಎಫ್‌ಎಲ್‌ಪಿವೈ’ ಎಂದೇ ಕರೆಯುತ್ತಿತ್ತು!

ರೇಡ್ ಇಲ್ಲದವರಿಗೂ ಇದೇ ಕಾಟ ಬರಬಹುದು. ಇಂಟೆಲ್ 11ನೇ ತಲೆಮಾರಿನಿಂದೀಚೆಗೆ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ‘ವಿಎಂಡಿ’ ಎಂಬ ಸೌಲಭ್ಯ ಚಾಲೂ ಆಗಿಯೇ ಬರುತ್ತದೆ, ಅದರ ಡ್ರೈವರ್ ಇಲ್ಲದ ಇನ್‌ಸ್ಟಾಲರ್‌ಗೆ ಡಿಸ್ಕ್ ಕಾಣದು. ಇನ್‌ಸ್ಟಾಲರ್ ಡಿಸ್ಕನ್ನೇ ತೋರಿಸದಿದ್ದರೆ ಅಂಗಡಿಗೆ ಓಡಬೇಡಿ. ಇಂಟೆಲ್‌ನ ರ‍್ಯಾಪಿಡ್ ಸ್ಟೋರೇಜ್ ಡ್ರೈವರನ್ನು ಪೆನ್‌ಡ್ರೈವ್‌ಗೆ ಬಿಚ್ಚಿ ಹಾಕಿ ‘ಲೋಡ್ ಡ್ರೈವರ್’ ಒತ್ತಿ.

ಬಯಾಸ್‌ನಲ್ಲಿ ಒಂದೇ ವಾಲ್ಯೂಮ್, ಇನ್‌ಸ್ಟಾಲರ್‌ನಲ್ಲಿ ಎರಡು ಬಿಡಿ ಡಿಸ್ಕ್? ನಿಲ್ಲಿ! ರೇಡ್ ಇರುವುದೇ ಇನ್‌ಸ್ಟಾಲರ್‌ಗೆ ತಿಳಿದಿಲ್ಲ. ಅವುಗಳಲ್ಲೊಂದನ್ನು ಫಾರ್ಮ್ಯಾಟ್ ಮಾಡಿದರೆ ಜೋಡಿ ಮುರಿಯಿತು.

ಓಡುತ್ತಿರುವ ವಿಂಡೋಸ್ ಇದ್ದಾಗ ಬಯಾಸ್‌ನಲ್ಲಿ ‘ಎಎಚ್‌ಸಿಐ’ ತೆಗೆದು ‘ರೇಡ್’ ಇಟ್ಟರೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ ಎದುರಾಗಬಹುದು. ಮೊದಲೇ ಸೇಫ್ ಮೋಡ್‌ಗೆ ಬೂಟ್ ಆಗುವಂತೆ ಹೊಂದಿಸಿ, ಆಮೇಲೆ ಬಯಾಸ್ ಬದಲಿಸಿದರೆ ಸಾಮಾನ್ಯವಾಗಿ ಪಾರು.

2 ಟಿಬಿಯ ಎರಡು ಡಿಸ್ಕ್ ಸೇರಿದರೆ 4 ಟಿಬಿ. ಆದರೆ ಹಳೆಯ ಎಂಬಿಆರ್ ಪಾರ್ಟಿಷನ್ ಪಟ್ಟಿಯ ಲೆಕ್ಕ 32 ಬಿಟ್‌ನದು, 512 ಬೈಟ್ ಸೆಕ್ಟರ್‌ಗಳಲ್ಲಿ ಸುಮಾರು 2 ಟಿಬಿಗೇ ಮುಗಿಯುತ್ತದೆ. ಉಳಿದ ಜಾಗ ಬೇಕೆಂದರೆ ಹೊಸ ಬಗೆಯ ಜಿಪಿಟಿ ಪಟ್ಟಿ ಬೇಕು. ಜಿಪಿಟಿಯಿಂದ ವಿಂಡೋಸ್ ಬೂಟ್ ಆಗಲು ಬಯಾಸ್‌ನ ಹೊಸ ರೂಪವಾದ ಯುಇಎಫ್‌ಐ ಬೇಕು.

ವಿಂಡೋಸ್ ಒಳಗೇ ರೇಡ್ 0 ಮಾದರಿಯ ‘ಸ್ಟ್ರೈಪ್ಡ್ ವಾಲ್ಯೂಮ್’ ಕಟ್ಟಬಹುದು, ಆದರೆ ಅದರ ಮೇಲೆ ವಿಂಡೋಸನ್ನೇ ಹಾಕಲಾಗದು!

ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್ 0 ಮೇಲೆ ಇನ್‌ಸ್ಟಾಲ್ ಆಗುತ್ತದೆ, ಬೂಟ್ ಆಗುವುದಿಲ್ಲ ಎಂಬ ದೂರು ಹಳೆಯದು. ಯುಇಎಫ್‌ಐಗೆ ಆ ರೇಡ್ ಓದಲು ಬಾರದು. ಹಾಗಾಗಿ ಇಎಫ್‌ಐ ಪಾರ್ಟಿಷನ್ ಅದರ ಹೊರಗೇ ಇರಬೇಕು.

ಬೇರೆ ಬೇರೆ ಗಾತ್ರದ ಡಿಸ್ಕ್‌ಗಳ ಕಥೆ ಇನ್ನೂ ವಿಚಿತ್ರ. 2014ರ ಲಿನಕ್ಸ್ 3.14 ಕರ್ನಲ್‌ನಲ್ಲಿ ತುಂಡುಗಳನ್ನು ಜೋಡಿಸುವ ಕ್ರಮ ಯಾರ ಗಮನಕ್ಕೂ ಬಾರದೆ ಬದಲಾಗಿಬಿಟ್ಟಿತು. ಹಳೆಯ ಕರ್ನಲ್ ಬರೆದದ್ದನ್ನು ಹೊಸದು ತಪ್ಪಾಗಿ ಓದುವ ಅಪಾಯ. 2019ರಿಂದೀಚಿನ ಕರ್ನಲ್, ಯಾವ ಕ್ರಮವೆಂದು ತಿಳಿಯದಿದ್ದರೆ ಅಂಥ ರೇಡನ್ನು ಜೋಡಿಸಲು ಒಪ್ಪುವುದೇ ಇಲ್ಲ. ಹಳೆಯ ಕ್ರಮಕ್ಕೆ 1, ಹೊಸದಕ್ಕೆ 2 ಎಂದು ಬೂಟ್ ಆಯ್ಕೆಯಲ್ಲಿ ನಾವೇ ಹೇಳಬೇಕು.

ಹಿಂದೆಂದೋ ರೇಡ್‌ನಲ್ಲಿದ್ದ ಡಿಸ್ಕಿನ ಮೇಲೆ ಹಳೆಯ ಗುರುತು ಉಳಿದಿದ್ದರೆ ಲಿನಕ್ಸ್ ಇನ್‌ಸ್ಟಾಲರ್ ಗಲಿಬಿಲಿಗೊಂಡು ಅದನ್ನು ಮರೆಮಾಚುವುದುಂಟು. ಒಳಗಿರುವುದೆಲ್ಲ ಬೇಡವೆಂದಾದರೆ ಮಾತ್ರ ‘ವೈಪ್‌ಎಫ್‌ಎಸ್’ ಬಳಸಿ ಗುರುತು ಒರೆಸಿ.

ಇಷ್ಟೆಲ್ಲ ಒದ್ದಾಡಿದರೂ ಲಾಭ? ಆಪರೇಟಿಂಗ್ ಸಿಸ್ಟಂ ಎದ್ದೇಳುವಾಗ ಓದುವುದು ಹೆಚ್ಚಾಗಿ ಚದುರಿದ ಪುಟ್ಟ ಕಡತಗಳನ್ನು. ಸ್ಟ್ರೈಪಿಂಗ್ ಮೆರೆಯುವುದು ವಿಡಿಯೋದಂಥ ದೊಡ್ಡ ಕಡತಗಳಲ್ಲಿ. ಸಿಸ್ಟಂಗೆ ಒಂದು ಒಳ್ಳೆಯ ಎಸ್‌ಎಸ್‌ಡಿ ಸಾಕು. ರೇಡ್ 0 ಬೇಕೇ ಬೇಕೆಂದರೆ ಬ್ಯಾಕಪ್ ಇರುವ ಕೆಲಸದ ಕಡತಗಳಿಗಿಟ್ಟುಕೊಳ್ಳಿ.