ಮಲಗಿದ ಹಸುವಿಗೆ ಒತ್ತುಹುಣ್ಣಿನ ಆರೈಕೆ

ಕರು ಹಾಕಿದ ಮೇಲೆ ಹಾಲುಜ್ವರ ತಗುಲಿ ಏಳಲಾರದೆ ಮಲಗಿದ ಹಸುವಿನ ಭಾರವೆಲ್ಲ ಒಂದೇ ಮಗ್ಗುಲಿಗೆ ಬೀಳುತ್ತದೆ. ಸೊಂಟದ ಮೂಳೆ, ಮಂಡಿ, ಹಿಂಗಾಲಿನ ಗಂಟುಗಳಲ್ಲಿ ಚರ್ಮ ನೆಲಕ್ಕೆ ಒತ್ತಿ, ರಕ್ತ ಸಂಚಾರ ಕುಂದಿ, ಆ ಭಾಗ ಸತ್ತು ಹುಣ್ಣಾಗುತ್ತದೆ. ಒತ್ತಡ ತಪ್ಪಿಸದೆ ಎಷ್ಟು ಔಷಧಿ ಹಚ್ಚಿದರೂ ಇದು ಮಾಯದು.

ನೆಲಕ್ಕೆ ಒಂದು ಅಡಿ ದಪ್ಪ ಒಣಹುಲ್ಲು ಹಾಸಿ, ಗಂಜಲದಿಂದ ನೆನೆದುದನ್ನು ಆಗಾಗ ತೆಗೆಯಬೇಕು. ಹಗಲು ರಾತ್ರಿ 3–4 ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಎದೆಯ ಮೇಲೆ ಕೂರುವಂತೆ ಇಬ್ಬದಿಗೂ ಹುಲ್ಲು ತುಂಬಿದ ಚೀಲಗಳ ಆಸರೆ ಕೊಡಬೇಕು. ನೀರು, ಮೇವು ಬಾಯಿಗೆ ಎಟುಕುವಂತಿರಲಿ.

ಹುಣ್ಣಿನ ಸುತ್ತಲ ಕೂದಲು ಕತ್ತರಿಸಿ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ 9 ಗ್ರಾಂ ಅಡಿಗೆ ಉಪ್ಪು ಕರಗಿಸಿ ಅದರಿಂದ ತೊಳೆಯಬೇಕು. ಪೊವಿಡೋನ್ ಅಯೋಡಿನ್ ಮುಲಾಮು ಸವರಿ, ಶುಚಿಯಾದ ತೆಳುಬಟ್ಟೆ ಕಟ್ಟಿ, ದಿನವೂ ಬದಲಿಸಬೇಕು. ನೊಣ ಕೂರದಂತೆ ಸುತ್ತಲಿನ ಚರ್ಮಕ್ಕೆ ಬೇವಿನೆಣ್ಣೆ ಹಚ್ಚಬಹುದು. ಸೀಮೆಎಣ್ಣೆ, ಸುಣ್ಣ, ಫಿನಾಯಿಲ್ ಹಾಕಕೂಡದು. ಇವು ಹೊಸದಾಗಿ ಬೆಳೆಯುವ ಮಾಂಸವನ್ನು ಸುಡುತ್ತವೆ.

ಕಪ್ಪಾದ ಸತ್ತ ಚರ್ಮವನ್ನು ಮನೆಯಲ್ಲಿ ಕೀಳದೆ ಪಶುವೈದ್ಯರಿಂದಲೇ ತೆಗೆಸಬೇಕು. ಹುಳು, ದುರ್ವಾಸನೆ ಕಂಡರೆ ತಡಮಾಡಬಾರದು. ಎಲ್ಲಕ್ಕಿಂತ ಮೊದಲು, ಹಸು ಮಲಗಿದ ಕೂಡಲೇ ವೈದ್ಯರನ್ನು ಕರೆಸಿ ಕ್ಯಾಲ್ಸಿಯಂ ಚುಚ್ಚುಮದ್ದು ಕೊಡಿಸಬೇಕು. ಬೇಗ ಎದ್ದ ಹಸುವಿಗೆ ಹುಣ್ಣಿನ ಬಾಧೆಯಿಲ್ಲ.