ಹೆಸರು ಕಲಮಜೂ, ಹುಟ್ಟು ಮಾತ್ಸುಮೊತೊ

1970ರ ದಶಕದ ಆರಂಭದ ಎಪಿಫೋನ್ ಇಎ-250 ಗಿಟಾರಿನ ಎಫ್ ಆಕಾರದ ಕಿಂಡಿಯಲ್ಲಿ ಇಣುಕಿದರೆ ಒಳಗೆ ನೀಲಿ ಚೀಟಿಯೊಂದು ಕಾಣುತ್ತದೆ. ಅದರ ಮೇಲೆ ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಿನ ಹೆಸರಿದೆ. ಗಿಬ್ಸನ್ ಕಾರ್ಖಾನೆ ಇದ್ದದ್ದು ಆ ಊರಿನಲ್ಲೇ. ಆದರೆ ಅಲ್ಲೇ ಸಣ್ಣ ಅಕ್ಷರದಲ್ಲಿ ‘ಮೇಡ್ ಇನ್ ಜಪಾನ್’ ಎಂದೂ ಇದೆ. ಎರಡೂ ಸುಳ್ಳಲ್ಲ. ಎಪಿಫೋನ್ ಹೆಸರು 1957ರಿಂದ ಗಿಬ್ಸನ್ನಿನ ಒಡೆಯರ ಕೈಯಲ್ಲಿತ್ತು. ಗಿಟಾರು ಮಾತ್ರ ತಯಾರಾದದ್ದು ಜಪಾನಿನ ನಾಗಾನೊ ಪ್ರಾಂತ್ಯದ ಮಾತ್ಸುಮೊತೊ ನಗರದ ಮಾತ್ಸುಮೊಕು ಎಂಬ ಕಾರ್ಖಾನೆಯಲ್ಲಿ. ಈ ಗಿಟಾರಿಗಾದರೂ ಚೀಟಿಯಿದೆ. ಅದೇ ಕಾಲದ ನೂರಾರು ಸೆಮಿ-ಹಾಲೋ (ಅರೆಟೊಳ್ಳು) ಗಿಟಾರುಗಳಿಗೆ ತಲೆಯ ಮೇಲೊಂದು ಅಪರಿಚಿತ ಹೆಸರು ಬಿಟ್ಟರೆ ಬೇರೇನೂ ಇಲ್ಲ. ಅಂಥದೊಂದು ನಿಮ್ಮ ಕೈಗೆ ಬಂದರೆ ಅದರ ಮೂಲ ಹುಡುಕುವುದು ಹೇಗೆ?

ಮೊದಲು ಒಡಲಿನ ರಚನೆ. ಟೊಳ್ಳು ಒಡಲಿನ ಗಿಟಾರಿಗೆ ಪಿಕಪ್ ಹಾಕಿ ಆಂಪ್ಲಿಫೈಯರಿನ ಸದ್ದು ಏರಿಸುತ್ತ ಹೋದರೆ ಒಂದು ಹಂತದಲ್ಲಿ ಅದು ಊಳಿಡತೊಡಗುತ್ತದೆ. ಸ್ಪೀಕರಿನ ಸದ್ದು ತೆಳುವಾದ ಮೇಲ್ಹಲಗೆಯನ್ನು ನಡುಗಿಸುತ್ತದೆ, ಹಲಗೆ ತಂತಿಯನ್ನು ನಡುಗಿಸುತ್ತದೆ, ಪಿಕಪ್ ಆ ನಡುಕವನ್ನು ಮತ್ತೆ ಆಂಪ್ಲಿಫೈಯರಿಗೇ ಕಳಿಸುತ್ತದೆ. ಸಭೆಗಳಲ್ಲಿ ಮೈಕು ಕಿರುಚುವುದೂ ಇಂಥದೇ ಸುತ್ತಿನಿಂದ. ಗಟ್ಟಿ ಮರದ ಗಿಟಾರಿಗೆ ಈ ಕಾಟ ಕಡಿಮೆ, ಆದರೆ ಟೊಳ್ಳು ಮರದ ತುಂಬುನಾದ ಅದಕ್ಕಿಲ್ಲ. ಟೆಡ್ ಮೆಕಾರ್ಟಿ ಮುಖ್ಯಸ್ಥರಾಗಿದ್ದಾಗ ಗಿಬ್ಸನ್ 1958ರಲ್ಲಿ ತಂದ ಇಎಸ್-335 ಎರಡರ ನಡುವಿನ ದಾರಿ ಹಿಡಿಯಿತು. ಮೇಪಲ್ ಮತ್ತು ಪಾಪ್ಲರ್ ಪದರಗಳನ್ನು ಅಂಟಿಸಿ ಮಾಡಿದ ತೆಳು ಒಡಲು. ಅದರ ನಟ್ಟನಡುವೆ ಉದ್ದಕ್ಕೂ ಮೇಪಲ್ ದಿಮ್ಮಿ. ಟೊಳ್ಳು ಎರಡು ಪಕ್ಕಗಳಲ್ಲಿ ಮಾತ್ರ. ಪಿಕಪ್ಪು, ಬ್ರಿಜ್ಜು ಕೂರುವುದು ದಿಮ್ಮಿಯ ಮೇಲೆ, ಹಾಗಾಗಿ ಊಳು ಹತೋಟಿಗೆ ಬರುತ್ತದೆ. (ಗಿಟಾರ್ ವಾದಕ ಲೆಸ್ ಪಾಲ್ 1940ರ ಸುಮಾರಿಗೇ ನ್ಯೂಯಾರ್ಕಿನ ಎಪಿಫೋನ್ ಕಾರ್ಖಾನೆಯಲ್ಲಿ ಪೈನ್ ಮರದ ತೊಲೆಯೊಂದರ ಎರಡು ಬದಿಗೆ ಸೀಳಿದ ಗಿಟಾರಿನ ಹೋಳುಗಳನ್ನು ಸಿಕ್ಕಿಸಿ ಇದಕ್ಕೆ ಹತ್ತಿರದ ಪ್ರಯೋಗ ಮಾಡಿದ್ದರು.)

ಇನ್ನು ತಲೆಯ ಮೇಲಿನ ಹೆಸರು. 1964ರಲ್ಲಿ ಬೀಟಲ್ಸ್ ಅಮೆರಿಕಕ್ಕೆ ಬಂದ ಮೇಲೆ ಅಲ್ಲಿ ಗಿಟಾರಿನ ಬೇಡಿಕೆ ಮುಗಿಲು ಮುಟ್ಟಿತು. 335ರ ಬೆಲೆ ತೆರುವ ಶಕ್ತಿ ಎಲ್ಲರಿಗಿರಲಿಲ್ಲ. ಅಮೆರಿಕದ ಸಗಟು ವ್ಯಾಪಾರಿಗಳು ಜಪಾನಿಗೆ ಆರ್ಡರ್ ಕೊಟ್ಟು, ಬಂದ ಸರಕಿಗೆ ತಮ್ಮದೇ ಹೆಸರು ಹಾಕಿಸಿ ಮಾರಿದರು. ಸೇಂಟ್ ಲೂಯಿಸ್ ಮ್ಯೂಸಿಕ್ ಕಂಪನಿಯದು ಎಲೆಕ್ಟ್ರಾ, ಯೂನಿಕಾರ್ಡ್‌ನದು ಯೂನಿವಾಕ್ಸ್, ಶಿಕಾಗೋದ ಡೇವಿಡ್ ವೆಕ್ಸ್ಲರ್ ಕಂಪನಿಯದು ಕಾನ್ರಾಡ್. ಸೀರೆ ಅಂಗಡಿಯ ಚೀಲದ ಮೇಲೆ ನೇಕಾರನ ಹೆಸರು ಇರುವುದಿಲ್ಲವಲ್ಲ, ಹಾಗೆ. ಮಾತ್ಸುಮೊಕು ಮೊದಲು ಸಿಂಗರ್ ಹೊಲಿಗೆ ಯಂತ್ರಗಳಿಗೆ ಮರದ ಪೆಟ್ಟಿಗೆ ಮಾಡುತ್ತಿದ್ದ ಕಾರ್ಖಾನೆ. ಆ ಮರಗೆಲಸದ ಪಳಗಿದ ಕೈಗಳೇ ಮುಂದೆ ಆರಿಯಾ, ಯೂನಿವಾಕ್ಸ್, ಎಪಿಫೋನ್, ವೆಸ್ಟೋನ್ ಗಿಟಾರುಗಳನ್ನು ಮಾಡಿದವು. 1987ರಲ್ಲಿ ಅದು ಮುಚ್ಚಿತು. ಮಾತ್ಸುಮೊತೊದಲ್ಲೇ 1960ರಲ್ಲಿ ಶುರುವಾದ ಫುಜಿಗೆನ್ ಇನ್ನೊಂದು ದೊಡ್ಡ ಕಾರ್ಖಾನೆ. ಇಬನೆಝ್ ಮತ್ತು ಗ್ರೆಕೊ ಹೆಸರಿನ ಎಷ್ಟೋ ಗಿಟಾರುಗಳು ಅಲ್ಲಿಯವು. ಒಂದು ಕಾರ್ಖಾನೆ ಹತ್ತು ಹೆಸರಿಗೆ ದುಡಿಯಿತು, ಒಂದು ಹೆಸರಿನವರು ಕಾರ್ಖಾನೆ ಬದಲಿಸಿದರು. ಆದ್ದರಿಂದ ತಲೆಯ ಮೇಲಿನ ಹೆಸರಿನಿಂದ ಹುಡುಕಾಟ ಶುರು ಮಾಡಬೇಡಿ.

ಟಾರ್ಚಿನಿಂದ ಶುರು ಮಾಡಿ. ಕತ್ತಲ ಕೋಣೆಯಲ್ಲಿ ಒಂದು ಕಿಂಡಿಯೊಳಗೆ ಬೆಳಕು ಬಿಟ್ಟು ಇನ್ನೊಂದು ಕಿಂಡಿ ನೋಡಿ. ಬೆಳಕು ದಾಟದಿದ್ದರೆ ನಡುವೆ ದಿಮ್ಮಿಯಿದೆ. ಸಲೀಸಾಗಿ ದಾಟಿದರೆ ಒಡಲು ಪೂರ್ತಿ ಟೊಳ್ಳು, ಅಥವಾ ಬ್ರಿಜ್ಜಿನ ಕೆಳಗಷ್ಟೇ ಒಂದು ತುಂಡು ಮರ. ಹೊರಗಿನಿಂದ 335ರಂತೆಯೇ ಕಾಣುವ ಅಗ್ಗದ ನಕಲುಗಳಲ್ಲಿ ಹಲವಕ್ಕೆ ದಿಮ್ಮಿ ಇರಲೇ ಇಲ್ಲ. ಹಾಗೆಂದು ಟೊಳ್ಳು ಅಂದರೆ ಕಳಪೆ ಎಂದು ತಿಳಿಯಬಾರದು. ಬೀಟಲ್ಸ್ ನುಡಿಸಿದ ಎಪಿಫೋನ್ ಕ್ಯಾಸಿನೊ ಬೇಕೆಂದೇ ಪೂರ್ತಿ ಟೊಳ್ಳಾಗಿ ಮಾಡಿದ್ದು.

ಮುಂದೆ ಕುತ್ತಿಗೆಯ ಬುಡ. ಗಿಬ್ಸನ್ ಈ ಗಿಟಾರುಗಳ ಕುತ್ತಿಗೆಯನ್ನು ಒಡಲಿಗೆ ಅಂಟಿಸುತ್ತಿತ್ತು. ಹಿಂಬದಿಯಲ್ಲಿ ಲೋಹದ ತಗಡು, ಅದಕ್ಕೆ ನಾಲ್ಕು ತಿರುಪು ಕಂಡರೆ ಅದು 335ರ ವಂಶದ್ದಲ್ಲ, 1970ರ ಆಸುಪಾಸಿನ ಜಪಾನಿನದಿರುವ ಸಂಭವವೇ ಹೆಚ್ಚು. ತಗಡಿನ ಮೇಲಿನ ಸಂಖ್ಯೆಯನ್ನು ನೋಡಿ ಇಸವಿ ಲೆಕ್ಕ ಹಾಕಲು ಹೋಗಬೇಡಿ. ಸಂಖ್ಯೆಯೊಳಗೇ ತಿಂಗಳು, ವರ್ಷ ಅಡಗಿರುವುದು 1970ರ ದಶಕದ ನಡುಭಾಗದ ನಂತರದ ಇಬನೆಝ್‌ನಂಥವುಗಳಲ್ಲಿ: ಮೊದಲ ಅಕ್ಷರ ತಿಂಗಳು, ಮುಂದಿನ ಎರಡು ಅಂಕಿ ವರ್ಷ. ಇ76 ಎಂದಿದ್ದರೆ 1976ರ ಮೇ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬಿಕೆಯ ಸಾಕ್ಷಿ ಕಣ್ಣಿಗೆ ಬೀಳದ ಕಡೆ ಇರುತ್ತದೆ: ವಾಲ್ಯೂಮ್, ಟೋನ್ ಗುಂಡಿಗಳ ಅಡಿಯ ಪೊಟೆನ್ಷಿಯೋಮೀಟರುಗಳಲ್ಲಿ. ದಂತವೈದ್ಯರು ಬಳಸುವ ಪುಟ್ಟ ಕನ್ನಡಿಯನ್ನು ಕಿಂಡಿಯಿಂದ ಇಳಿಸಿದರೆ ಅವು ಕಾಣುತ್ತವೆ. ಅಮೆರಿಕದವುಗಳ ಮೇಲೆ ಅಂಕಿಗಳ ಸಾಲೊಂದನ್ನು ಒತ್ತಿರುತ್ತಾರೆ. 1376412 ಎಂದಿದ್ದರೆ, 137 ಎಂದರೆ ತಯಾರಕರು ಸಿಟಿಎಸ್ ಕಂಪನಿ, 64 ಎಂದರೆ 1964, 12 ಎಂದರೆ ಆ ವರ್ಷದ ಹನ್ನೆರಡನೇ ವಾರ. ಇದು ಗಿಟಾರಿನ ಹುಟ್ಟಿದ ದಿನವಲ್ಲ. ಬೆಸುಗೆ ಮೂಲದ್ದಾಗಿದ್ದರೆ, ಗಿಟಾರು ಅದಕ್ಕಿಂತ ಹಿಂದಿನದಲ್ಲ ಎಂದಷ್ಟೇ ಹೇಳಬಹುದು. ಬಿಡಿಭಾಗ ಕಾರ್ಖಾನೆಯ ಕಪಾಟಿನಲ್ಲಿ ವರ್ಷಗಟ್ಟಲೆ ಕೂತಿರಬಹುದು. ಅಳತೆಯೂ ಮಾತಾಡುತ್ತದೆ. ಅಮೆರಿಕದ ಪೊಟೆನ್ಷಿಯೋಮೀಟರಿನ ಕತ್ತು 3/8 ಇಂಚು, ಅಂದರೆ ಸುಮಾರು 9.5 ಮಿ.ಮೀ.; ಜಪಾನಿನ ಚಿಕ್ಕವುಗಳದು ಸಾಮಾನ್ಯವಾಗಿ 7 ಅಥವಾ 8 ಮಿ.ಮೀ. ತೂತನ್ನು ಯಾರೋ ಆಮೇಲೆ ಕೊರೆದು ದೊಡ್ಡದು ಮಾಡಿದ ಗುರುತಿದ್ದರೆ, ಒಳಗಿನ ಅಮೆರಿಕದ ಅಂಕಿ ಗಿಟಾರಿನ ವಯಸ್ಸನ್ನಲ್ಲ, ರಿಪೇರಿಯ ಕಾಲವನ್ನು ಹೇಳುತ್ತಿರುತ್ತದೆ.

ಮಾರುವವರು ಇಂಥ ಗಿಟಾರುಗಳಿಗೆಲ್ಲ ‘ಲಾಸೂಟ್’ (ದಾವೆ) ಗಿಟಾರು ಎಂಬ ಬಿರುದು ಕೊಟ್ಟು ಬೆಲೆ ಏರಿಸುತ್ತಾರೆ. ಅದಕ್ಕೆ ಸೋಲಬೇಡಿ. ಗಿಬ್ಸನ್ನಿನ ಒಡೆತನ ಹೊಂದಿದ್ದ ನಾರ್ಲಿನ್ ಕಂಪನಿ 1977ರಲ್ಲಿ ದಾವೆ ಹೂಡಿದ್ದು ಎಲ್ಗರ್ ಎಂಬ ಒಂದೇ ಸಂಸ್ಥೆಯ ಮೇಲೆ, ಅಮೆರಿಕದಲ್ಲಿ ಇಬನೆಝ್ ಮಾರುತ್ತಿದ್ದವರ ಮೇಲೆ. ತಕರಾರು ಇದ್ದದ್ದು ಗಿಟಾರಿನ ತಲೆಯ ಆಕಾರದ ಬಗ್ಗೆ. ರಾಜಿಯಲ್ಲಿ ಮುಗಿಯಿತು. ಎಲೆಕ್ಟ್ರಾ, ಕಾನ್ರಾಡ್, ಯೂನಿವಾಕ್ಸ್ ಆ ದಾವೆಯಲ್ಲಿ ಇರಲೇ ಇಲ್ಲ.

ಇನ್ನೊಂದು ಆತುರವನ್ನೂ ತಡೆದುಕೊಳ್ಳಬೇಕು. ಜಪಾನಿನ ಹಳೆಯ ಗಿಟಾರು ಕಂಡ ಕೂಡಲೇ ‘ಮಾತ್ಸುಮೊಕು’ ಎಂದುಬಿಡುವ ಅಭ್ಯಾಸ ಬೆಳೆದಿದೆ. ಪಿಕಪ್ಪು, ಬಿರಡೆ, ಬ್ರಿಜ್ಜುಗಳನ್ನು ಬೇರೆ ಬೇರೆ ಕಾರ್ಖಾನೆಗಳು ಹೊರಗಿನಿಂದ ಕೊಳ್ಳುತ್ತಿದ್ದುದರಿಂದ ಒಂದು ಭಾಗ ಹೋಲಿದರೆ ಏನೂ ಸಾಬೀತಾಗುವುದಿಲ್ಲ. ಕುತ್ತಿಗೆಯ ಜೋಡಣೆ, ಒಳಗಿನ ಮರಗೆಲಸ, ಕಿಂಡಿಯ ಕತ್ತರಿಕೆ, ತಲೆಯ ಆಕಾರ ನಾಲ್ಕೂ ಮೂಲ ಗೊತ್ತಿರುವ ಇನ್ನೊಂದು ಗಿಟಾರಿಗೆ ಹೊಂದಿದರೆ ಆಗ ಕಾರ್ಖಾನೆಯ ಹೆಸರು ಹೇಳಿ. ಆ ಇನ್ನೊಂದು ಸಿಗುವವರೆಗೆ ಬಣ್ಣ ಕೆರೆಯಬೇಡಿ, ತೂತು ದೊಡ್ಡದು ಮಾಡಿಸಬೇಡಿ. ಪಿಕಪ್ಪೋ ಗುಂಡಿಯೋ ಬದಲಿಸಲೇಬೇಕಾಗಿ ಬಂದರೆ, ಬಿಚ್ಚುವ ಮೊದಲು ಬೆಸುಗೆಯ ಫೋಟೊ ತೆಗೆದು, ಹಳೆಯ ಭಾಗಗಳನ್ನು ಲಕೋಟೆಯಲ್ಲಿ ಹಾಕಿ ಗಿಟಾರಿನ ಪೆಟ್ಟಿಗೆಯಲ್ಲೇ ಇಡಿ.