ಬಿಟ್ಟಿ ಪಾಠದ ಕೀಲಿಕೈ ಯಾರ ಕೈಯಲ್ಲಿ?

ಸಂಜೆ ಆರರ ಹೊತ್ತಿಗೆ ಪೇಟೆಯ ಯಾವುದಾದರೂ ಕಿರಾಣಿ ಅಂಗಡಿ ಮುಂದೆ ಒಂದು ಗಳಿಗೆ ನಿಂತು ನೋಡಿ. ಗಲ್ಲಾಪೆಟ್ಟಿಗೆ ಪಕ್ಕದ ಸ್ಟೂಲಿನ ಮೇಲೆ, ಯೂನಿಫಾರಂ ಕೂಡ ಬಿಚ್ಚದ ಹುಡುಗನೋ ಹುಡುಗಿಯೋ ಅಪ್ಪನ ಮೊಬೈಲು ಹಿಡಿದು ಕೂತಿರುತ್ತದೆ. ಪರದೆಯಲ್ಲಿ ಯಾರೋ ಮೇಷ್ಟ್ರು ತ್ರಿಕೋನಮಿತಿ ಹೇಳುತ್ತಿರುತ್ತಾರೆ. ಅಷ್ಟರಲ್ಲಿ ಗಿರಾಕಿ, "ದುಡ್ಡು ಹಾಕಿದೀನಿ, ನೋಡ್ಕೊಳ್ಳಿ ಅಣ್ಣ" ಅಂತಾನೆ. ಪಾಠ ಅಲ್ಲಿಗೇ ನಿಂತಿತು. ಅಪ್ಪ ಫೋನು ಇಸಕೊಂಡು, ಮೆಸೇಜು ನೋಡಿ, ತಲೆ ಅಲ್ಲಾಡಿಸಿ ವಾಪಸ್ಸು ಕೊಟ್ಟ ಮೇಲೇ ತ್ರಿಕೋನಮಿತಿ ಮುಂದಕ್ಕೆ.

ಟ್ಯೂಷನ್ನಿಗೆ ದುಡ್ಡು ಸುರಿಯುವ ಕಾಲದಲ್ಲಿ ಇದೇನು ಸಣ್ಣ ಉಪಕಾರವಲ್ಲ. ಪುಸ್ತಕ ಬೇಡ, ಬಸ್ ಚಾರ್ಜು ಬೇಡ, ಫೀಜು ಬೇಡ. ಒಂದನೇ ಕ್ಲಾಸಿನ ಕಾಗುಣಿತದಿಂದ ಹಿಡಿದು ಇಂಜಿನಿಯರಿಂಗ್ ಪಾಠದವರೆಗೆ ಎಲ್ಲ ಬಿಟ್ಟಿ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬ ಗಾದೆ ಇರುವ ನಾಡಿನಲ್ಲಿ ಬೇಡ ಅನ್ನುವವರು ಯಾರು? ಆದರೆ ವ್ಯಾಪಾರಸ್ಥರಿಗೆ ಹೇಳಿಕೊಡಬೇಕಾದ್ದಿಲ್ಲ. ಬಿಟ್ಟಿ ಅಂದ ಮೇಲೆ ಅದರ ಲೆಕ್ಕ ಯಾವುದೋ ಖಾತೆಯಲ್ಲಿ ಬರೆದೇ ಇರುತ್ತದೆ.

ನಂಟರ ಹುಡುಗಿಗೆ ಹೇಳಿದ ಲೆಕ್ಕ

ಈ ವಿಡಿಯೋ ಪಾಠಕ್ಕೆ ಜಗತ್ತಿನಲ್ಲೆಲ್ಲ ಹೆಸರು ತಂದವರು ಸಲ್ಮಾನ್ ಖಾನ್. ಸಿನಿಮಾದವರಲ್ಲ ಸ್ವಾಮಿ, ಇವರು ಅಮೆರಿಕದಲ್ಲಿ ಬಂಡವಾಳ ಹೂಡಿಕೆ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದವರು. 2004ರಲ್ಲಿ ದೂರದ ಊರಿನಲ್ಲಿದ್ದ ನಂಟರ ಹುಡುಗಿಗೆ ಫೋನಿನಲ್ಲಿ ಲೆಕ್ಕ ಹೇಳಿಕೊಡಲು ಶುರು ಮಾಡಿದರು. ಕೇಳುವ ಮಕ್ಕಳು ಜಾಸ್ತಿಯಾದಾಗ 2006ರಲ್ಲಿ ಪಾಠವನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದರು. ಎರಡು ವರ್ಷಕ್ಕೆ ಅದು ಖಾನ್ ಅಕಾಡೆಮಿ ಎಂಬ, ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಯಿತು. ಇವತ್ತು ಅಲ್ಲಿ ಕನ್ನಡದ ಪಾಠಗಳೂ ಇವೆ.

ಆ ನಂಟರ ಮಕ್ಕಳು ಒಂದು ಮಾತು ಹೇಳಿದರಂತೆ: ನೀನು ಎದುರಿಗೆ ಬಂದು ಹೇಳುವುದಕ್ಕಿಂತ ಯೂಟ್ಯೂಬಿನಲ್ಲಿ ಹೇಳಿದ್ದೇ ಚೆನ್ನಾಗಿದೆ ಅಂತ. ಮೇಲ್ನೋಟಕ್ಕೆ ಅಧಿಕಪ್ರಸಂಗ. ಒಳಗೆ ನೋಡಿದರೆ ಪರಮ ಸತ್ಯ. ಮೇಷ್ಟ್ರನ್ನು "ಸಾರ್, ಇನ್ನೊಂದ್ಸಲ" ಎಂದು ಮೂರನೇ ಬಾರಿ ಕೇಳುವ ಧೈರ್ಯ ಎಷ್ಟು ಮಕ್ಕಳಿಗಿದೆ? ವಿಡಿಯೋ ಬೈಯುವುದಿಲ್ಲ. ಹಿಂದಿನ ಬೆಂಚಿನ ಹುಡುಗಿ ಅದನ್ನು ಇಪ್ಪತ್ತು ಸಲ ಹಿಂದಕ್ಕೆ ತಿರುಗಿಸಿ ನೋಡಿದರೂ ಯಾರೂ ನಗುವುದಿಲ್ಲ. ಬಿಟ್ಟಿ ಎನ್ನುವುದಕ್ಕಿಂತ ಇದೇ ದೊಡ್ಡ ಲಾಭ.

ನಮ್ಮ ದೇಶದಲ್ಲೂ ಸರಕು ಕಮ್ಮಿ ಇಲ್ಲ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್ 2003ರಿಂದಲೂ ಇದೆ. ಪಾಠ ನೋಡುವುದು ಪುಕ್ಕಟೆ, ಪರೀಕ್ಷೆ ಬರೆದು ಸರ್ಟಿಫಿಕೇಟು ಬೇಕೆಂದರೆ ಮಾತ್ರ ಶುಲ್ಕ. ಶಾಲಾ ಮಕ್ಕಳಿಗೆ 2017ರ ಶಿಕ್ಷಕರ ದಿನಾಚರಣೆಯಂದು ಕೇಂದ್ರ ಸರ್ಕಾರ ಶುರು ಮಾಡಿದ ದೀಕ್ಷಾ ಇದೆ. ಅದರ ತಳಪಾಯ ಹಾಕಿದ್ದು ಬೆಂಗಳೂರಿನ ಎಕ್‌ಸ್ಟೆಪ್ ಪ್ರತಿಷ್ಠಾನ. ಮಕ್ಕಳ ಪಠ್ಯಪುಸ್ತಕದಲ್ಲಿ ಅಚ್ಚಾಗಿರುವ ಕಪ್ಪು ಚೌಕ ಇದೆಯಲ್ಲ, ಅಂಗಡಿಯಲ್ಲಿ ದುಡ್ಡು ತೆಗೆದುಕೊಳ್ಳುವ ಕ್ಯೂಆರ್ ಚೌಕದ ಅಣ್ಣತಮ್ಮ, ಅದನ್ನು ದೀಕ್ಷಾ ಆ್ಯಪಿನಲ್ಲಿ ಹಿಡಿದರೆ ಆ ಪಾಠದ ಸಾಮಗ್ರಿ ತೆರೆಯುತ್ತದೆ. ಚೌಕದ ಮೇಲೆ ಸಾರು ಚೆಲ್ಲಿದ್ದರೂ ಚಿಂತೆಯಿಲ್ಲ. ಕೆಳಗೆ ಆರು ಅಕ್ಷರ-ಅಂಕಿಯ ಗುರುತು ಅಚ್ಚಾಗಿರುತ್ತದೆ, ಅದನ್ನೇ ಟೈಪು ಮಾಡಿದರಾಯಿತು. ಒಮ್ಮೆ ಇಳಿಸಿಕೊಂಡರೆ ನೆಟ್ಟಿಲ್ಲದೆಯೂ ನೋಡಬಹುದು. ಎಷ್ಟು ಮನೆಗಳಲ್ಲಿ ಆ ಚೌಕವನ್ನು ಚಿತ್ರವೆಂದುಕೊಂಡು ಪುಟ ತಿರುಗಿಸುತ್ತಾರೋ!

ಪ್ಯಾಕಿನ ಲೆಕ್ಕ

ಈಗ ಖರ್ಚಿನ ಬಾಬತ್ತಿಗೆ ಬರೋಣ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದಾಗ ನೆಟ್ಟು ತಿಂಗಳುಗಟ್ಟಲೆ ಪುಕ್ಕಟೆ ಹರಿಯಿತು. ಮರುವರ್ಷ ಬಿಲ್ಲು ಬಂತು. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳೆಲ್ಲ ಒಟ್ಟಿಗೇ ಎಂಬಂತೆ ದರ ಏರಿಸಿದವು. ಪಾಠ ಬಿಟ್ಟಿ, ಪಾಠ ಬರುವ ದಾರಿಗೆ ಟೋಲು!

ಯೂಟ್ಯೂಬಿನ ವಿಡಿಯೋವನ್ನು 720ರ ಸ್ಪಷ್ಟತೆಯಲ್ಲಿ ಒಂದು ಗಂಟೆ ನೋಡಿದರೆ ಒಂದು ಜಿಬಿಗೂ ಹೆಚ್ಚು ಹೋಗಬಹುದು. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕಿನವರ ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಎಂಟು ಗಂಟೆಗೆಲ್ಲ ಚಕ್ರ ತಿರುಗಲು ಶುರು. ಅದೇ ಪಾಠವನ್ನು 360ಕ್ಕೆ ಇಳಿಸಿಕೊಂಡರೆ ಸುಮಾರು 300ರಿಂದ 450 ಎಂಬಿಯಲ್ಲಿ ಮುಗಿಯುತ್ತದೆ, ಬೋರ್ಡಿನ ಅಕ್ಷರವೂ ಕಾಣುತ್ತದೆ. 144ಕ್ಕೆ ಇಳಿಸಿದರೆ ಉಳಿತಾಯವೇನೋ ಆಯಿತು, ಆದರೆ ಎಂಟು ಯಾವುದು, ಮೂರು ಯಾವುದು ತಿಳಿಯದು. ಪರದೆಯ ಮೂಲೆಯ ಹಲ್ಲಿನ ಚಕ್ರ ಒತ್ತಿ ಈ ಸಂಖ್ಯೆ ಬದಲಿಸಬಹುದು ಎಂಬುದು ಮಕ್ಕಳಿಗೆ ಗೊತ್ತು. ಅಪ್ಪಂದಿರಿಗೆ ಹೇಳುವುದಿಲ್ಲ, ಅಷ್ಟೇ.

ಇನ್ನೊಂದು ಖರ್ಚು ಗಮನದ್ದು. ಯೂಟ್ಯೂಬನ್ನು ಗೂಗಲ್ 2006ರಲ್ಲಿ ಕೊಂಡಿದ್ದು 165 ಕೋಟಿ ಡಾಲರಿಗೆ. ಅಷ್ಟು ಬಂಡವಾಳ ಹಾಕಿದವರು ಧರ್ಮಛತ್ರ ನಡೆಸಲು ಕೂತಿಲ್ಲ. ಪಾಠ ಮುಗಿಯುತ್ತಿದ್ದಂತೆ ಪಕ್ಕದಲ್ಲಿ ಕ್ರಿಕೆಟ್ಟು, ಕೆಳಗೆ ಕಾಮಿಡಿ. ಗ್ರಾಮೀಣ ಮಕ್ಕಳ ಓದು ಅಳೆಯುವ ಅಸರ್ ಸಮೀಕ್ಷೆ 2024ರಲ್ಲಿ ದೇಶದ 14ರಿಂದ 16 ವಯಸ್ಸಿನವರನ್ನು ಈ ಬಗ್ಗೆ ಕೇಳಿತು. ಸ್ಮಾರ್ಟ್‌ಫೋನು ಬಳಸಬಲ್ಲವರಲ್ಲಿ ಹಿಂದಿನ ವಾರ ಓದಿನ ಕೆಲಸಕ್ಕೆ ಬಳಸಿದವರು ಶೇ. 57, ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಶೇ. 76. ಸ್ವಂತ ಫೋನು ಇರುವುದರಲ್ಲಿ ಹುಡುಗಿಯರು ಹುಡುಗರಿಗಿಂತ ಹಿಂದೆ. ಫೋನು ಒಂದೇ ಇದ್ದ ಮನೆಯಲ್ಲಿ ಅದು ಯಾರ ಕೈಗೆ ಮೊದಲು ಹೋಗುತ್ತದೆ ಎಂಬುದನ್ನು ಸಮೀಕ್ಷೆ ಮಾಡಿ ತಿಳಿಯಬೇಕಿಲ್ಲ.

2020ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿದಾಗ ಈ ಒಂದು ಫೋನಿನ ಸಂಸಾರ ಬೀದಿಗೆ ಬಂತು. ಐದನೇ ಕ್ಲಾಸಿನವರೆಗೆ ಆನ್‌ಲೈನ್ ಪಾಠ ಬೇಡ ಅಂದಿತು ಸರ್ಕಾರ. ಜುಲೈ 8ರಂದು ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಅದೇ ತಿಂಗಳ 20ರಿಂದ ದೂರದರ್ಶನ ಚಂದನದಲ್ಲಿ ಹೈಸ್ಕೂಲು ಮಕ್ಕಳಿಗೆ ‘ಸಂವೇದ’ ಪಾಠ ಬಂತು. ಟಿವಿ ಇದ್ದವರು ಬಚಾವು. ಟಿವಿಯೂ ಇಲ್ಲದವರಿಗಾಗಿ ಆಗಸ್ಟಿನಲ್ಲಿ ‘ವಿದ್ಯಾಗಮ’ ಎಂದು ಮೇಷ್ಟ್ರುಗಳೇ ಊರೂರಿಗೆ ಹೋಗಿ ಗುಡಿಯ ಜಗಲಿ, ಮರದ ನೆರಳಿನಲ್ಲಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ್ದು ಆಗಲೇ.

ಎರವಲು ತಂದ ಉಪಗ್ರಹ

ಬಿಟ್ಟಿ ವಿಡಿಯೋ ಪಾಠ ನಮ್ಮ ರಾಜ್ಯಕ್ಕೆ ಹೊಸದು ಎಂದುಕೊಂಡಿದ್ದರೆ ತಪ್ಪು. 1975ರ ಆಗಸ್ಟ್ 1ರಂದು ‘ಸೈಟ್’ ಎಂಬ ಪ್ರಯೋಗ ಶುರುವಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರ ಟಿವಿ. ಕರ್ನಾಟಕದಲ್ಲಿ ಆಗಿನ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳಿದ್ದವು. ಬೆಂಗಳೂರಿಗೇ ಟಿವಿ ಇಲ್ಲದ ದಿನಗಳವು! ತಂತಿ ಜಾಲರಿಯ ದೊಡ್ಡ ಕೊಡೆ ಆಕಾಶ ನೋಡುತ್ತಿತ್ತು. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ. ಮೇಷ್ಟ್ರುಗಳಿಗೆ ವಿಜ್ಞಾನ ಕಲಿಸುವ ತರಬೇತಿಯೂ ಅದರಲ್ಲೇ ನಡೆಯಿತು.

ಆದರೆ ಉಪಗ್ರಹ ನಮ್ಮದಲ್ಲ, ಅಮೆರಿಕದ ನಾಸಾದ್ದು. ಕೊಟ್ಟಿದ್ದು ಒಂದು ವರ್ಷಕ್ಕೆ ಎರವಲು. 1976ರ ಜುಲೈ 31ಕ್ಕೆ ಗಡುವು ಮುಗಿಯಿತು, ಉಪಗ್ರಹ ವಾಪಸ್ಸು ಹೋಯಿತು. ಮರುವರ್ಷ ಗುಲ್ಬರ್ಗದಲ್ಲಿ ನೆಲದ ಮೇಲಿನ ಟ್ರಾನ್ಸ್‌ಮಿಟರ್ ಹಾಕಿದರು ನಿಜ, ಅದು ಮುಟ್ಟಿದಷ್ಟು ದೂರಕ್ಕೆ ಮಾತ್ರ.

ಆಮೇಲೆ 2004ರ ಸೆಪ್ಟೆಂಬರಿನಲ್ಲಿ ನಮ್ಮದೇ ಎಜುಸ್ಯಾಟ್ ಹಾರಿತು. ಚಾಮರಾಜನಗರ ಜಿಲ್ಲೆಯ 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ಅದರ ಮೂಲಕ ಕನ್ನಡ ಪಾಠ ತಲುಪಿಸುವ ಕೆಲಸ ನಡೆಯಿತು. 2010ರಲ್ಲಿ ಆ ಉಪಗ್ರಹದ ಆಯುಷ್ಯ ಮುಗಿಯಿತು.

ಈಗಿನ ಇಂಟರ್ನೆಟ್ ಸಲಕರಣೆಗಳದ್ದೂ ಇದೇ ಕತೆ, ವೇಗ ಮಾತ್ರ ಜಾಸ್ತಿ. ವಿಡಿಯೋ ಕತ್ತರಿಸಿ ಜೋಡಿಸಲು ಎಷ್ಟೋ ಮೇಷ್ಟ್ರುಗಳು ನೆಚ್ಚಿದ್ದ ಮೈಕ್ರೋಸಾಫ್ಟಿನ ಮೂವಿ ಮೇಕರ್ 2017ರಲ್ಲಿ ನಿಂತಿತು. ಮಕ್ಕಳು ಸಣ್ಣ ವಿಡಿಯೋದಲ್ಲೇ ಉತ್ತರ ಹೇಳುವ ಫ್ಲಿಪ್‌ಗ್ರಿಡ್ ಎಂಬುದಿತ್ತು. 2018ರಲ್ಲಿ ಅದನ್ನು ಮೈಕ್ರೋಸಾಫ್ಟ್ ಕೊಂಡು ಎಲ್ಲರಿಗೂ ಬಿಟ್ಟಿ ಮಾಡಿತು. ಮೇಷ್ಟ್ರುಗಳು ಕುಣಿದಾಡಿದರು. 2024ರಲ್ಲಿ ಪ್ರತ್ಯೇಕ ಅಂಗಡಿ ಮುಚ್ಚಿ ತನ್ನ ಟೀಮ್ಸ್ ಎಂಬ ದೊಡ್ಡ ಅಂಗಡಿಯೊಳಗೆ ಸೇರಿಸಿಕೊಂಡಿತು. ಜೂಮಿನಲ್ಲಿ ಬಿಟ್ಟಿ ಕ್ಲಾಸು 40 ನಿಮಿಷಕ್ಕೆ ಕಟ್. ಗೂಗಲ್ ಮೀಟನ್ನು 2020ರಲ್ಲಿ ಎಲ್ಲರಿಗೂ ಪುಕ್ಕಟೆ ಬಿಟ್ಟರು. ಮರುವರ್ಷ, ಮೂರು ಜನ ಸೇರಿದರೆ ಒಂದು ಗಂಟೆ ಮಾತ್ರ ಎಂಬ ಗಡುವು ಜಾರಿಗೆ ಬಂತು. ಇದರಲ್ಲಿ ಮೋಸವೇನಿಲ್ಲ, ಅವರ ಅಂಗಡಿ, ಅವರ ಬೀಗ. ಅವರ ಉಗ್ರಾಣದಲ್ಲಿ ನಮ್ಮ ಸರಕೆಲ್ಲ ಇಟ್ಟು, ಮನೆಯಲ್ಲಿ ಒಂದು ಪ್ರತಿಯನ್ನೂ ಇಟ್ಟುಕೊಳ್ಳದೆ ನಿದ್ದೆ ಮಾಡುತ್ತೇವಲ್ಲ, ಅದು ನಮ್ಮ ದಡ್ಡತನ.

ನಾಲ್ಕು ಇಟ್ಟಿಗೆಯ ಸ್ಟುಡಿಯೋ

ಹಾಗಾದರೆ ಮೇಷ್ಟ್ರು ಏನು ಮಾಡಬೇಕು? ಸ್ವಂತ ಪಾಠ ಮಾಡಿಕೊಳ್ಳುವುದಕ್ಕೆ ಈಗ ಸ್ಟುಡಿಯೋ ಬೇಡ. ಮೇಜಿನ ಮೇಲೆ ಎರಡು ಕಡೆ ಇಟ್ಟಿಗೆ ಪೇರಿಸಿ, ಮೇಲೆ ಅಡ್ಡಲಾಗಿ ಸ್ಕೇಲು ಇಟ್ಟು, ಅದರ ಮೇಲೆ ಕೆಳಮುಖವಾಗಿ ಫೋನು. ಕೆಳಗೆ ಬಿಳಿ ಹಾಳೆ, ಮೇಷ್ಟ್ರ ಕೈ, ಪೆನ್ನು. ಮುಖ ಕಾಣಬೇಕಿಲ್ಲ. ಖಾನ್ ಸಾಹೇಬರು ಮಾಡಿದ್ದೂ ಹೆಚ್ಚುಕಮ್ಮಿ ಇದನ್ನೇ. ಫ್ಯಾನು ಆರಿಸಬೇಕು. ಬಿಸಿಯೂಟದ ತಟ್ಟೆ ಸದ್ದಾಗುವ ಹೊತ್ತು ಬಿಟ್ಟು ಬೇರೆ ಹೊತ್ತು ಹಿಡಿಯಬೇಕು. ಚಿತ್ರ ಸ್ವಲ್ಪ ಮಂಕಾದರೂ ಮಕ್ಕಳು ಸಹಿಸುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ.

ಪಾಠ ಎಷ್ಟು ಉದ್ದ ಇರಬೇಕು? ಅಮೆರಿಕದ ಎಡ್‌ಎಕ್ಸ್ ಎಂಬ ಆನ್‌ಲೈನ್ ಶಾಲೆಯಲ್ಲಿ 69 ಲಕ್ಷ ಸಲ ವಿಡಿಯೋ ನೋಡಿದ ಲೆಕ್ಕ ತೆಗೆದು 2014ರಲ್ಲಿ ಸಂಶೋಧಕರು ಹೇಳಿದ್ದು, ಆರು ನಿಮಿಷ ದಾಟಿದರೆ ನೋಡುವವರ ಮನಸ್ಸು ಜಾರುತ್ತದೆ ಅಂತ. ಒಂದು ಲೆಕ್ಕಕ್ಕೆ ಒಂದು ವಿಡಿಯೋ ಸಾಕು. ಮುಕ್ಕಾಲು ಗಂಟೆ ಭಾಷಣ ಬಿಗಿಯುವ ಚಾಳಿ ಇದ್ದವರಿಗೆ ಕಷ್ಟ, ಏನ್ ಮಾಡೋದು!

ಶಾಲೆಯಲ್ಲಿ ಕಂಪ್ಯೂಟರಿದ್ದರೆ ರೆಕಾರ್ಡ್ ಮಾಡಲು ಒಬಿಎಸ್ ಸ್ಟುಡಿಯೋ, ಕತ್ತರಿಸಿ ಜೋಡಿಸಲು ಓಪನ್‌ಶಾಟ್, ಶಾಟ್‌ಕಟ್, ಕೆಡೆನ್‌ಲೈವ್ ಇವೆ. ಇವು ಮುಕ್ತ ತಂತ್ರಾಂಶಗಳು. ಗಡುವಿಲ್ಲ, ವಿಡಿಯೋ ಮೇಲೆ ಅವರ ಮುದ್ರೆ ಒತ್ತುವುದಿಲ್ಲ, ಕಂಪನಿ ಮನಸ್ಸು ಬದಲಾಯಿಸಿದರೂ ನಿಮ್ಮ ಕಂಪ್ಯೂಟರಿನಲ್ಲಿರುವುದನ್ನು ಕಿತ್ತುಕೊಳ್ಳಲಾರರು. ಬಿಟ್ಟಿಗಳಲ್ಲೂ ಜಾತಿ ಬೇರೆ ಎಂದರೆ ಇದೇ. ತಯಾರಾದ ಪಾಠವನ್ನು ಯೂಟ್ಯೂಬಿಗೆ ಹಾಕುವುದಾದರೆ, ಕೊಂಡಿ ಕಳಿಸಿದವರಿಗೆ ಮಾತ್ರ ಕಾಣುವಂತೆ ‘ಅನ್‌ಲಿಸ್ಟೆಡ್’ ಎಂದಿಡಬಹುದು.

ಮಕ್ಕಳ ಮುಖ ತೋರಿಸುವುದಾದರೆ ಎಚ್ಚರ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸುತ್ತದೆ, ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಕೇಳುತ್ತದೆ. ಹ್ಯೂಮನ್ ರೈಟ್ಸ್ ವಾಚ್ 2022ರಲ್ಲಿ 49 ದೇಶಗಳ ಕಲಿಕಾ ಆ್ಯಪುಗಳನ್ನು ತಪಾಸಣೆ ಮಾಡಿದಾಗ ಹತ್ತರಲ್ಲಿ ಒಂಬತ್ತರಷ್ಟು ಮಕ್ಕಳ ಮಾಹಿತಿಯ ವಿಷಯದಲ್ಲಿ ತಪ್ಪು ದಾರಿ ಹಿಡಿದಿದ್ದವು. ದೀಕ್ಷಾ ಮೇಲೂ ಆಕ್ಷೇಪ ಬಂದಿತ್ತು. ಸರ್ಕಾರಿ ಆ್ಯಪೆಂದು ಕಣ್ಣು ಮುಚ್ಚಿ ಎಲ್ಲದಕ್ಕೂ ‘ಅಲೋ’ ಒತ್ತಬೇಕಿಲ್ಲ.

ಕೊನೆಗೆ ಉಳಿಯುವ ಪ್ರಶ್ನೆ, ಹೀಗೆ ಮಾಡಿದ ಪಾಠ ಯಾರದ್ದು? ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ವಿಡಿಯೋ ಇರುವುದು ಮೇಷ್ಟ್ರ ಸ್ವಂತ ಫೋನಿನಲ್ಲಿ, ಚಾನೆಲ್ಲು ಇರುವುದು ಅವರ ಸ್ವಂತ ಜಿಮೇಲ್ ಹೆಸರಿನಲ್ಲಿ, ರೀಚಾರ್ಜು ಅವರ ಸಂಬಳದಲ್ಲಿ. ಅವರಿಗೆ ವರ್ಗವಾದರೆ ಪಾಠಕ್ಕೂ ವರ್ಗ. ಹೆಡ್‌ಮಾಸ್ಟರು ಬದಲಾಗುವಾಗ ಚಾರ್ಜು ಕೊಡುವ ಪಟ್ಟಿಯಲ್ಲಿ ಬೀರು, ಬೆಂಚು, ಗಂಟೆ, ಬಿಸಿಯೂಟದ ಪಾತ್ರೆ ಎಲ್ಲಕ್ಕೂ ಲೆಕ್ಕವುಂಟು. ಆ ಪಟ್ಟಿಗೆ ಶಾಲೆಯ ಹೆಸರಿನ ಒಂದು ಇಮೇಲು, ಪಾಠಗಳ ಒಂದು ಹಾರ್ಡ್ ಡಿಸ್ಕು ಸೇರಿಸುವಂತೆ ಬಿಇಒ ಕಚೇರಿಯಿಂದ ಒಂದು ಹಾಳೆ ಹೊರಟರೆ ಸಾಕು. ಎಸ್‌ಡಿಎಂಸಿ ಸಭೆಯಲ್ಲಿ ಇದನ್ನು ಎತ್ತಲು ಪೋಷಕರಿಗೂ ಹಕ್ಕಿದೆ. ಸಭೆ ನಡೆಯುವುದು ವ್ಯಾಪಾರದ ಹೊತ್ತಿನಲ್ಲೇ ಎಂಬುದು ಮಾತ್ರ ಅಂಗಡಿಯವರ ತಕರಾರು.